ಗಂಟಿನ ಜೊತೆ ಮಾತಾಡುತ್ತಿದ್ದ ಮೌಶಿ

ಮೌಶಿ ಹೋಗಿಬಿಟ್ಟರು ಎಂದು ಅವರ ಅಳಿಯ ಫೋನು ಮಾಡಿದಾಗ ನಾನು ದಹಿಸರ್ ಸ್ಟೇಷನ್ನಿನ ಸೇತುವೆ ಇಳಿಯುತ್ತಿದ್ದೆ. ಎರಡು ಕ್ಷಣ ನಿಂತದ್ದಕ್ಕೆ ಹಿಂದಿನಿಂದ ಯಾರೋ "ಚಲೋ ನಾ ಆಂಟಿ, ಬೀಚ್ ಮೇ ಕಾಯ್ಕೊ ಖಡೀ ಹೈ" ಎಂದು ಗದರಿದರು. ಈ ಊರಿನಲ್ಲಿ ಅಳಬೇಕಾದರೂ ಬದಿಗೆ ಸರಿದು ನಿಲ್ಲಬೇಕು. ಬದಿಯಲ್ಲಿ ಪೇರಳೆ ಮಾರುವವಳ ಬುಟ್ಟಿ ಇತ್ತು. ಹಾಗಾಗಿ ಅಳದೆ ಕೆಲಸಕ್ಕೆ ಹೋದೆ, ಕೌಂಟರಿನ ಹಿಂದೆ ಕೂತೆ, ಕಂಪ್ಯೂಟರ್ ಹಾಕುವ ಮೊದಲು ಎರಡನೇ ರೂಮಿನ ಬಾಗಿಲಿಗೆ ಇಳಿಬಿಟ್ಟ ಕಪ್ಪು ಪರದೆಯ ಕಡೆ ಕಿವಿ ಕೊಟ್ಟೆ. ಅಭ್ಯಾಸ ನೋಡಿ. ಕೆಲಸ ಬಿಟ್ಟು ಹೋಗಿ ಎರಡು ವರ್ಷವಾದವರು, ಈಗ ಭೂಮಿಯನ್ನೇ ಬಿಟ್ಟವರು, ಅಲ್ಲಿ ಮಾತಾಡುತ್ತಾರೆಯೇ? ಆದರೂ ಒಂದು ನಿಮಿಷ ಮೈಯ ರೋಮವೆಲ್ಲ ಎದ್ದು ನಿಂತದ್ದು ಸುಳ್ಳಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು, ಅದನ್ನು ಬಾಯಲ್ಲಿ ತಂದವರು ಯಾರೂ ಇಲ್ಲ. ಡಾಕ್ಟರಿಗೂ ಮೌಶಿ, ವಾಚ್‌ಮನ್ನನಿಗೂ ಮೌಶಿ, ಬರುವ ಪೇಷಂಟುಗಳಿಗೂ ಮೌಶಿ, ಮರಾಠಿಯಲ್ಲಿ ಚಿಕ್ಕಮ್ಮ ಎಂದ ಹಾಗೆ. ವಿಜಯಪುರದ ಕಡೆಯವರು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು, ಗಂಡ ಹೋದ ಮೇಲೆ ಅಲ್ಲಿ ಇಲ್ಲಿ ಆಯಾ ಕೆಲಸ ಮಾಡಿದವರು. ಕುಳ್ಳು ದೇಹ, ಗಟ್ಟಿ ಕೈ, ಹಣೆಯ ಮೇಲೊಂದು ಹಚ್ಚೆಯ ಚುಕ್ಕೆ. ನಮ್ಮದು ಅಂಗಡಿಗಳ ಮೇಲಿನ ಮಾಳಿಗೆಯಲ್ಲಿರುವ ಸ್ಕ್ಯಾನಿಂಗ್ ಸೆಂಟರು. ನಾನು ಉಡುಪಿ ಕಡೆಯವಳು, ಅಲ್ಲಿನ ರಿಸೆಪ್ಷನ್ನಿನಲ್ಲಿ ಕೂರುವವಳು. ಇಡೀ ಸೆಂಟರಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅದೂ ಎಂಥ ಕನ್ನಡ! ಅವರದು ನನಗೆ ಪೂರ್ತಿ ಹತ್ತಲು ಆರು ತಿಂಗಳು ಬೇಕಾಯಿತು. ನನ್ನದನ್ನು ಕೇಳಿ ಅವರು, "ಏನ್ ತಂಗಿ, ಪುಸ್ತಕ ಓದಿದಂಗ ಮಾತಾಡ್ತಿ" ಎಂದು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಎರಡನೇ ರೂಮು ಎಂದರೆ ಸೋನೋಗ್ರಫಿ ರೂಮು. ಕಿಟಕಿ ಇಲ್ಲ, ಟ್ಯೂಬ್‌ಲೈಟು ಹಾಕುವಂತಿಲ್ಲ, ಎಸಿಯ ಚಳಿ, ಮೆಷಿನ್ನಿನ ಪರದೆಯಿಂದ ಬೀಳುವ ಬೂದು ಬೆಳಕು ಅಷ್ಟೆ. ಬೆಳಿಗ್ಗೆಯೆಲ್ಲ ಬಸುರಿಯರು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಅದೇ ಮಂಚ, ಅದೇ ಮೆಷಿನ್ನು, ಅದೇ ಜೆಲ್ಲಿನ ಬಾಟಲಿ, ಬರುವವರು ಮಾತ್ರ ಬೇರೆ. ಎದೆಯಲ್ಲಿ ಗಂಟು ಸಿಕ್ಕಿದವರು. ಗಂಟನ್ನು ಪರದೆಯ ಮೇಲೆ ನೋಡಿಕೊಂಡೇ ಸೂಜಿ ಹಾಕಿ ಚೂರು ತೆಗೆದು ಲ್ಯಾಬಿಗೆ ಕಳಿಸುವುದು, ಅದಕ್ಕೆ ಬಯಾಪ್ಸಿ ಎನ್ನುತ್ತಾರೆ. ಬೆಳಿಗ್ಗೆ ಅದೇ ಪರದೆಯಲ್ಲಿ ಪುಟ್ಟ ಕೈ ಕಾಲು ಆಡುತ್ತಿರುತ್ತವೆ, ಮಧ್ಯಾಹ್ನ ಒಂದು ಕಪ್ಪು ಕಲೆ ಕೂತಿರುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಬೂದು ಬಣ್ಣ. ನನಗಂತೂ ಆ ರೂಮಿಗೆ ಒಬ್ಬಳೇ ಫೈಲು ಇಡಲು ಹೋಗಬೇಕೆಂದರೆ ಮೊದಲಿನಿಂದಲೂ ಮನಸ್ಸಿಲ್ಲ.

ಪೇಷಂಟನ್ನು ತಯಾರು ಮಾಡುವುದರಲ್ಲಿ ಮೌಶಿಯನ್ನು ಮೀರಿಸಿದವರಿಲ್ಲ. ಡಾಕ್ಟರು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರು ತಮ್ಮ ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದರು. ಉಪವಾಸ ಬರಬೇಡಿ, ಹೊಟ್ಟೆಗೆ ತಿಂದೇ ಬನ್ನಿ. ಮುಂದುಗಡೆ ಗುಂಡಿ ಇರುವ ಜಂಪರು ಹಾಕಿಕೊಳ್ಳಿ. ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದರೆ ಮೊದಲೇ ಬಾಯಿ ಬಿಡಿ, ಆಮೇಲೆ ಅಯ್ಯೋ ಎನ್ನಬೇಡಿ. ಆಮೇಲೆ ಮಂಚದ ಮೇಲೆ ಮಲಗಿಸಿ, ಆ ಕಡೆಯ ತೋಳನ್ನು ತಲೆಯ ಮೇಲೆ ಎತ್ತಿಸಿ, ಬೆನ್ನಿನ ಕೆಳಗೆ ದಿಂಬು ತೂರಿಸುವುದು. ಜೆಲ್ಲಿನ ಬಾಟಲಿಯನ್ನು ಮೊದಲೇ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿರುತ್ತಿದ್ದರು. ಡಾಕ್ಟರು ಎಷ್ಟು ಬೈದರೂ ಬಿಡಲಿಲ್ಲ.

ಸೂಜಿಯ ಗನ್ನು ಚೂರು ತೆಗೆಯುವಾಗ "ಠಕ್" ಎಂದು ಸ್ಟೇಪ್ಲರ್ ಹೊಡೆದ ಹಾಗೆ ಸದ್ದು ಮಾಡುತ್ತದೆ. ಎಷ್ಟೋ ಹೆಂಗಸರು ನೋವಿಗಿಂತ ಆ ಸದ್ದಿಗೇ ಬೆಚ್ಚಿ ಏಳುತ್ತಾರೆ. ಅದಕ್ಕೆ ಮೊದಲೇ ಗಾಳಿಯಲ್ಲಿ ಒಮ್ಮೆ ಹೊಡೆದು ತೋರಿಸಬೇಕೆಂದು ಡಾಕ್ಟರಿಗೆ ಗಂಟು ಬಿದ್ದು ರೂಢಿ ಮಾಡಿಸಿದವರೇ ಮೌಶಿ. "ಆವಾಜ್ ಹೈ, ಬಸ್. ಆವಾಜ್ ಕೊ ದಾತ್ ನಹಿ" ಎನ್ನುತ್ತಿದ್ದರು. ಸದ್ದಿಗೆ ಹಲ್ಲಿಲ್ಲವಂತೆ! ಅಳುತ್ತಾ ಬಂದವರು ಅದನ್ನು ಕೇಳಿ ನಕ್ಕದ್ದನ್ನು ನಾನು ಎಷ್ಟು ಸಲ ಪರದೆಯ ಈಚೆಯಿಂದ ಕೇಳಿದ್ದೇನೋ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಳ್ಳೆಯ ಆಯಾಗಳು ಈ ಊರಿನಲ್ಲಿ ಬೇಕಾದಷ್ಟು ಇದ್ದಾರೆ.

ಮೌಶಿ ಗಂಟಿನ ಜೊತೆ ಮಾತಾಡುತ್ತಿದ್ದರು.

ಹೌದು, ಪೇಷಂಟಿನ ಜೊತೆಯಲ್ಲ, ಗಂಟಿನ ಜೊತೆ. ಪೇಷಂಟಿಗೆ ಹಿಂದಿ, ಡಾಕ್ಟರಿಗೆ ಮರಾಠಿ, ಗಂಟಿಗೆ ಕನ್ನಡ. ಡಾಕ್ಟರು ಮೆಷಿನ್ನಿನ ಪ್ರೋಬನ್ನು ಎದೆಯ ಮೇಲಿಟ್ಟು ಕಪ್ಪು ಕಲೆ ಪರದೆಯ ಮೇಲೆ ಬಂದಿತೋ ಇಲ್ಲವೋ, ಮೌಶಿ ಪೇಷಂಟಿನ ಕೈ ಹಿಡಿದು, ಮುಖವನ್ನು ಪರದೆಯ ಹತ್ತಿರಕ್ಕೆ ತಂದು, ತಗ್ಗಿದ ದನಿಯಲ್ಲಿ ಶುರು ಮಾಡುತ್ತಿದ್ದರು. "ಬಾ ಕೂಸ, ಇತ್ತ ಹೊಳ್ಳು. ಮಾರಿ ತೋರ್ಸು. ಯಾಕ ಓಡ್ತಿ? ಯಾರೂ ಹೊಡೆಯಾಂಗಿಲ್ಲ ನಿನಗ. ಹಂಗ ನಿಲ್ಲು, ಶಾಣ್ಯಾ ಅದಿ." ಪೇಷಂಟುಗಳು ಏನೋ ಮಂತ್ರವೆಂದು ತಿಳಿದು ಕಣ್ಣು ಮುಚ್ಚುತ್ತಿದ್ದರು. ಅದರ ಅರ್ಥ ತಿಳಿಯುತ್ತಿದ್ದದ್ದು ಹೊರಗೆ ಕೂತ ನನಗೊಬ್ಬಳಿಗೆ. ಮೊದಲ ಸಲ ಕೇಳಿದಾಗ ಒಳಗೆ ಬಸುರಿ ಇದ್ದಾಳೆ ಎಂದೇ ತಿಳಿದಿದ್ದೆ. ಪರದೆ ಸರಿಸಿ ನೋಡಿದರೆ ಅರವತ್ತು ದಾಟಿದ ಅಜ್ಜಿ ತೋಳೆತ್ತಿ ಮಲಗಿದ್ದಾರೆ, ಅವರ ಎದೆಯೊಳಗಿನ ಕಲೆಯನ್ನು ಮೌಶಿ ಕೂಸೇ ಎಂದು ಕರೆಯುತ್ತಿದ್ದಾರೆ. ಪರದೆ ಬಿಟ್ಟು ಹಿಂದೆ ಸರಿದೆ.

"ಎಂತ ಮೌಶಿ ಇದು? ಗಂಟನ್ನು ಯಾರಾದರೂ ಮಗು ಅಂತಾರಾ? ಕೇಳಿದವರು ಹೆದರಿಕೊಳ್ಳೂದಿಲ್ವಾ?" ಎಂದು ಆ ದಿನ ಚಾ ಕುಡಿಯುವಾಗ ಜಗಳಕ್ಕೇ ನಿಂತೆ.

"ರೂಢಿ ತಂಗಿ. ಹಿಂದಿನ ದವಾಖಾನಿಯೊಳಗ ಬಸರೇರ ಖೋಲಿಯೊಳಗಿದ್ದೆ. ಕೂಸ ಡೊಂಕ ಮಲಗಿದ್ರ ಡಾಕ್ಟರಿಗೆ ಕಾಣ್ತಿದ್ದಿಲ್ಲ. ನಾ ಕರೀತಿದ್ದೆ. ಹೊಳ್ಳತಿತ್ತು."

"ಹೊಟ್ಟೆಯೊಳಗಿನ ಮಗುವಿಗೆ ಕೇಳ್ತದೆ ಅಂತ ಇಟ್ಟುಕೊಳ್ಳುವ. ಗಂಟಿಗೆ ಕಿವಿ ಉಂಟಾ?"

"ಇಲ್ಲಂತ ನಿನಗ್ಯಾರು ಹೇಳಿದ್ರು?" ಎಂದು ಕಪ್ಪು ತೊಳೆಯಲು ಎದ್ದು ಹೋದರು.

ಡಾಕ್ಟರಿಗೆ, ಅವರೂ ಹೆಂಗಸೇ, ಮೊದಮೊದಲು ಇದು ಕಿರಿಕಿರಿ. ಆಮೇಲೆ ಒಂದು ದಿನ ಇಪ್ಪತ್ತರ ಹುಡುಗಿಯೊಬ್ಬಳ ಗಂಟು ಸೂಜಿಗೆ ಸಿಗದೆ ಜಾರಿ ಜಾರಿ ಆಚೀಚೆ ಓಡಿತು. ನೀರಿನಲ್ಲಿ ಬಿದ್ದ ಗೋಲಿಯ ಹಾಗೆ. ಡಾಕ್ಟರು ಬೆವರಿದರು. ಮೌಶಿ "ಸಾಕ ಆಟ, ನಿಲ್ಲಿನ್ನ" ಎಂದರು. ನಿಂತಿತು! ಠಕ್. ಅಂದಿನಿಂದ ಡಾಕ್ಟರೇ "ಮೌಶಿ, ಬುಲಾವ್ ಉಸ್ಕೊ" ಎಂದು ಗಂಟನ್ನು ಕರೆಸತೊಡಗಿದರು, ಅರ್ಧ ತಮಾಷೆಗೆ. ಇನ್ನರ್ಧ ಎಂಥದ್ದೆಂದು ನಾನು ಕೇಳಲಿಲ್ಲ.

ತೆಗೆದ ಚೂರುಗಳು ತೆಳ್ಳಗೆ ಬಿಳಿ ಎಳೆಗಳು. ಬಾಟಲಿಯ ಔಷಧಿಯಲ್ಲಿ ಹಾಕಿದರೆ ಥೇಟು ಶಾವಿಗೆ. ಸೆಂಟರಿನ ವಾರ್ಷಿಕೋತ್ಸವಕ್ಕೆ ಶಾವಿಗೆ ಪಾಯಸ ತರಿಸಿದ್ದರು, ಮೌಶಿ ಬಟ್ಟಲನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ ನನ್ನ ಮುಖ ನೋಡಿದರು. ನಾನು ಎರಡನೇ ಚಮಚದಲ್ಲಿದ್ದೆ. ಅಲ್ಲಿಗೆ ನನ್ನ ಜೀವಮಾನದ ಶಾವಿಗೆಯೂ ಮುಗಿಯಿತು.

ಈಗ ಬರುವುದು ನಾನು ಯಾರಿಗೂ ಹೇಳದ ವಿಷಯ. ನಾಲಗೆಗಿಂತ ಕಿವಿ ಚುರುಕಿನವಳು ನಾನು. ಕೆಲವು ಗಂಟುಗಳ ಜೊತೆ ಮೌಶಿ ಮಾತಾಡುತ್ತಿರಲಿಲ್ಲ. ಪೇಷಂಟಿಗೆ ಧೈರ್ಯ ಹೇಳುವುದು, ಸದ್ದು ಕೇಳಿಸುವುದು, ಎಲ್ಲ ಮುಗಿದು ಪ್ರೋಬು ಎದೆಯ ಮೇಲೆ ಕೂತ ಮೇಲೆ, ಏನಿಲ್ಲ. ಎಸಿಯ ಗುಂಯ್ ಎನ್ನುವ ದನಿ. ಠಕ್. ಮತ್ತೆ ಗುಂಯ್. ಠಕ್. ಹೊರಗೆ ಕಾಯುತ್ತಿದ್ದ ಹೆಂಗಸರು ಕೂಡ ಯಾಕೆಂದು ತಿಳಿಯದೆ ಮಾತು ನಿಲ್ಲಿಸಿಬಿಡುತ್ತಿದ್ದರು. ವಾರದ ಮೇಲೆ ಲ್ಯಾಬಿನಿಂದ ರಿಪೋರ್ಟು ಬಂದಾಗ ಫೈಲಿಗೆ ಹಾಕುವವಳು ನಾನೇ ಅಲ್ಲವೇ? ಮೌಶಿ ಸುಮ್ಮನಿದ್ದವರ ರಿಪೋರ್ಟು ಕೆಟ್ಟದ್ದೇ ಆಗಿರುತ್ತಿತ್ತು. ಮೊದಲ ಸಲ ಕಾಕತಾಳೀಯ ಎಂದುಕೊಂಡೆ. ಬೊರಿವಲಿಯ ಟೀಚರಮ್ಮ, ಸುಮ್ಮನಿದ್ದರು, ಕ್ಯಾನ್ಸರು. ಕೆಳಗಿನ ಬಳೆ ಅಂಗಡಿಯ ಗುಜರಾತಿ ಹೆಂಗಸು, ಗಂಟು ಲಿಂಬೆಯಷ್ಟಿತ್ತು, ಮೌಶಿ ಉದ್ದಕ್ಕೂ ಮುದ್ದು ಮಾಡಿ ಕರೆದರು, ರಿಪೋರ್ಟಿನಲ್ಲಿ ಏನೂ ಇಲ್ಲ. ಒಂದು ಸಲವಾದರೂ ತಪ್ಪಲಿ ಎಂದು ಕಾದೆ. ತಪ್ಪಲಿಲ್ಲ. ಸುಮ್ಮನಿದ್ದ ದಿನ ಹೊರಗೆ ಬಂದ ಪೇಷಂಟಿನ ಮುಖ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಇಲ್ಲದ ಏನನ್ನೋ ಹುಡುಕುತ್ತ ಕೂರುತ್ತಿದ್ದೆ.

ತಡೆಯದೆ ಡಾಕ್ಟರನ್ನೇ ಕೇಳಿದೆ. ಅವರು ನಕ್ಕರು. ಇದರಲ್ಲಿ ಏನೂ ಭೂತವಿಲ್ಲ, ಸಾಧುವಾದ ಗಂಟುಗಳು ಬಹಳ ಮಟ್ಟಿಗೆ ಬೆರಳಿಗೆ ಜಾರುತ್ತವೆ, ಅವನ್ನು ಕರೆಯಬೇಕಾಗುತ್ತದೆ, ಕೆಟ್ಟವು ಹೆಚ್ಚಾಗಿ ಬೇರು ಬಿಟ್ಟು ಕೂತಿರುತ್ತವೆ, ಕರೆಯುವ ಕೆಲಸವೇ ಇಲ್ಲ, ಇಷ್ಟು ವರ್ಷ ನೋಡಿ ಮೌಶಿಯ ಕಣ್ಣಿಗೂ ಅಭ್ಯಾಸವಾಗಿರಬೇಕು ಎಂದರು. ಸರಿಯಾದ ಮಾತೇ. ಆದರೆ ಜಾರದೆ ಕಲ್ಲಿನ ಹಾಗೆ ಕೂತ ಗಂಟನ್ನೂ ಮೌಶಿ ಕೂಸೇ ಎಂದು ಕರೆದದ್ದನ್ನು, ಅದರಲ್ಲಿ ಏನೂ ಇಲ್ಲವೆಂದು ರಿಪೋರ್ಟು ಬಂದದ್ದನ್ನು ನಾನು ಕೇಳಿದ್ದೆ, ನೋಡಿದ್ದೆ. ಅದನ್ನು ಡಾಕ್ಟರಿಗೆ ಹೇಳಲಿಲ್ಲ.

ಇಂಥ ನನ್ನ ಕೈಗೇ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಗಂಟು ಸಿಕ್ಕಿತು. ಎಡಗಡೆ, ಕಂಕುಳಿನ ಹತ್ತಿರ, ಕಡಲೆಕಾಳಿನಷ್ಟು. ಒತ್ತಿ ನೋಡಿದೆ. ಓಡಲಿಲ್ಲ. ಇನ್ನೊಮ್ಮೆ ಒತ್ತಿದೆ, ಓಡು ಓಡು ಎಂದು ಬಾಯಿಬಿಟ್ಟು ಹೇಳಿದೆ. ಅಲ್ಲೇ ಇತ್ತು.

ನನ್ನ ಯಜಮಾನರು ದಾದರಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರು, ಮೊದಲ ಲೋಕಲಿಗೇ ಹೊರಡುವವರು. ಅವರಿಗೆ ಹೇಳಲು ನನಗೆ ಒಂಬತ್ತು ದಿನ ಬೇಕಾಯಿತು. ಹೇಳಿದಾಗ ಅವರು, "ದಿನಾ ನೂರು ಜನರಿಗೆ ಬೇಗ ತೋರಿಸಿ ಅಂತೀಯಲ್ಲ ಮಾರಾಯ್ತಿ, ನಿನಗೆ ಬುದ್ಧಿ ಇಲ್ವಾ?" ಎಂದು ಬೈದು, ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತರು. ಅವರಿಗೆ ಏನು ಗೊತ್ತು? ನಾನು ಸೂಜಿಗೆ ಹೆದರಿದ್ದಲ್ಲ, ಕ್ಯಾನ್ಸರಿಗೂ ಅಲ್ಲ. ಮೌಶಿಯ ಬಾಯಿಗೆ ಹೆದರಿದ್ದೆ. ಬೇರೆ ಸೆಂಟರಿಗೆ ಹೋಗೋಣವೆಂದರೆ ಡಾಕ್ಟರು ಬಿಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಆ ಮಂಚದ ಮೇಲೆ ಮಲಗಿದೆ. ಎಷ್ಟೋ ಜನರಿಗೆ ಟೋಕನ್ ಕೊಟ್ಟು ಒಳಗೆ ಕಳಿಸಿದವಳು, ಮಲಗಿ ನೋಡಿದ್ದು ಅಂದೇ. ಮಲಗಿದರೆ ಆ ರೂಮು ಬೇರೆಯೇ. ಸೀಲಿಂಗು ಕಾಣುವುದಿಲ್ಲ, ಮೇಲೆ ಏನೂ ಇಲ್ಲವೇನೋ ಎಂಬಷ್ಟು ಕತ್ತಲೆ. ಮೌಶಿ ತೋಳೆತ್ತಿಸಿ ದಿಂಬು ಕೊಟ್ಟರು. ಜೆಲ್ಲು ಅವರ ಮೈಯ ಬಿಸಿಯಲ್ಲಿತ್ತು. "ಅಂಜಬ್ಯಾಡ. ಮದ್ದಿನ ಸೂಜಿ ಚುರ್ ಅಂತೈತಿ, ಹತ್ತು ಎಣಸೂದ್ರಾಗ ಮರಗಟ್ಟತೈತಿ. ಆಮ್ಯಾಲ ಬರೇ ಒತ್ತಿದಂಗ ಆಕ್ಕತಿ" ಎಂದರು. ಹಾಗೇ ಆಯಿತು. ಮದ್ದು ಏರುವಾಗ ಉರಿ, ಆಮೇಲೆ ಆ ಜಾಗ ನನ್ನದೇ ಅಲ್ಲ. ಅಕ್ಕಿಕಾಳಿನಷ್ಟು ಗಾಯ ಮಾಡಿ ದೊಡ್ಡ ಸೂಜಿ ಒಳಗೆ ಹೋದದ್ದು ಬರೀ ಯಾರೋ ಬೆರಳಿಂದ ಒತ್ತಿದ ಹಾಗಿತ್ತು.

ಅದಕ್ಕೂ ಮೊದಲು ಡಾಕ್ಟರು ಒಂದು ಗುಂಡಿ ಒತ್ತಿದರು. ಗಂಟಿನೊಳಗೆ ರಕ್ತ ಓಡುತ್ತಿದೆಯೇ ಎಂದು ನೋಡುವುದಕ್ಕೆ. ಬೆಳಿಗ್ಗೆ ಬಸುರಿಯರ ಹೊಟ್ಟೆಯಿಂದ ಬರುವ ಸದ್ದು ಬಂತು. ಥಪ್, ಥಪ್, ಥಪ್. ಅಯ್ಯೋ ದೇವರೇ, ಅದಕ್ಕೂ ನಾಡಿ ಇತ್ತು! ನನ್ನ ನಾಡಿಯೇ ಅದು, ನನ್ನದೇ ರಕ್ತ, ಬುದ್ಧಿಗೆ ಗೊತ್ತು. ಆದರೆ ಕತ್ತಲಲ್ಲಿ ತೋಳೆತ್ತಿ ಮಲಗಿದವಳಿಗೆ ಬುದ್ಧಿ ಎಲ್ಲಿಂದ ಬರಬೇಕು? ನನ್ನೊಳಗೆ ಇನ್ನೊಂದು ಏನೋ ಉಸಿರಾಡುತ್ತ ಕೂತಿದೆ ಅನಿಸಿತು. ಮೌಶಿಯ ಕಡೆ ತಿರುಗಿದೆ. ಅವರು ಪರದೆಯನ್ನು ನೋಡುತ್ತಿದ್ದರು. ಬೂದು ಬೆಳಕಿನಲ್ಲಿ ಅವರ ಮುಖ ಕಾಣುತ್ತಿತ್ತು, ತುಟಿ ಮುಚ್ಚಿತ್ತು.

ಠಕ್. ಗುಂಯ್. ಠಕ್. ಐದು ಸಲ. ಒಂದು ಕೂಸೂ ಇಲ್ಲ, ಒಂದು ಬಾ ಕೂಡ ಇಲ್ಲ.

ಡಾಕ್ಟರು ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಹೊಲಿಗೆ ಬೇಡ, ಪಟ್ಟಿ ಸಾಕು, ಎರಡು ದಿನ ಭಾರ ಎತ್ತಬೇಡ, ನೀಲಿಗಟ್ಟಿದರೆ ಗಾಬರಿಯಾಗಬೇಡ ಎಂದರು. ಮೌಶಿ ಬಟ್ಟೆಯಲ್ಲಿ ಸುತ್ತಿದ ಐಸು ಇಟ್ಟರು. ನಾನು ಅವರ ಮುಖ ನೋಡಲಿಲ್ಲ, ಅವರು ನನ್ನ ಮುಖ ನೋಡಲಿಲ್ಲ.

ಮುಂದಿನ ಏಳು ದಿನ ನಾನು ಬದುಕಿದ್ದೆ ಎಂದು ಹೇಳಲಾರೆ. ರಿಪೋರ್ಟು ಬಂತು. ನಾನೇ ಒಡೆದೆ. ಕ್ಯಾನ್ಸರಿನ ಕಣಗಳಿಲ್ಲ! ಮೂರು ಸಲ ಓದಿದೆ, ಹೆಸರು ನನ್ನದೇ. ಯಜಮಾನರು ಹೋಟೆಲಿನಿಂದ ಎರಡು ಡಬ್ಬಿ ಮೈಸೂರ್‌ಪಾಕು ಹೊತ್ತು ಬಂದರು. ನಾನು ಸಂತೋಷಕ್ಕಿಂತ ಸಿಟ್ಟಿನಲ್ಲಿ ಕುದಿಯುತ್ತಿದ್ದೆ. ಮರುದಿನ ನೆಟ್ಟಗೆ ಹೋಗಿ ಮೌಶಿಯ ಮುಂದೆ ಡಬ್ಬಿ ಕುಕ್ಕಿ, "ತಿನ್ನಿ. ನಿಮ್ಮ ಆ ಬಾಯಿಯಿಂದ ನನ್ನ ಜೀವ ಅರ್ಧ ಹೋಗಿತ್ತು, ಗೊತ್ತುಂಟಾ?" ಎಂದೆ. ಮೌಶಿ ಒಂದು ತುಂಡು ಎತ್ತಿಕೊಂಡರು, ತಿನ್ನಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡರು. ನಾನು ಏನು ಹೇಳುತ್ತಿದ್ದೇನೆ ಎಂದು ಅವರಿಗೆ ಪೂರ್ತಿ ಅರ್ಥವಾಗಿತ್ತು.

ಅಂದು ಸಂಜೆ ಡಾಕ್ಟರು ಕರೆದು ಕೂರಿಸಿದರು. ರಿಪೋರ್ಟು ಒಂದು ಹೇಳುತ್ತದೆ, ಸ್ಕ್ಯಾನಿಂಗಿನ ಫೋಟೋ ಇನ್ನೊಂದು ಹೇಳುತ್ತದೆ ಎಂದರು. ನೋಡಿದರೆ ಸಾಧುವಾಗಿಲ್ಲ, ಸೂಜಿ ಕೂದಲೆಳೆಯಷ್ಟು ಪಕ್ಕಕ್ಕೆ ಹೋಗಿರಬಹುದು. ಎರಡೂ ತಾಳೆಯಾಗದಿದ್ದರೆ ಮತ್ತೊಮ್ಮೆ ಮಾಡಬೇಕು, ಇದು ನಿಯಮ, ಹೆದರಿಸಲಿಕ್ಕಲ್ಲ. ನಾನು "ಹೂಂ" ಎಂದು ತಲೆಯಾಡಿಸಿ ಎದ್ದು ಬಂದೆ, ಮನೆಗೆ ಬಂದವಳೇ ಊರಿಗೆ ಹೋಗುವ ರೈಲಿಗೆ ತತ್ಕಾಲ್ ಟಿಕೆಟು ಮಾಡಿಸಿ ಎಂದು ಯಜಮಾನರಿಗೆ ಹೇಳಿದೆ. ರಿಪೋರ್ಟು ಕೈಯಲ್ಲಿದೆ, ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದೆ, ಇನ್ನು ಯಾರು ಮಲಗುತ್ತಾರೆ ಆ ಮಂಚದ ಮೇಲೆ? ಅವರೂ "ಇಲ್ಲ ಅಂದಮೇಲೆ ಇಲ್ಲ, ಬಿಡು" ಎಂದರು. ಪಾಪ, ಅವರಿಗೂ ಇಲ್ಲ ಎನ್ನುವುದೇ ಬೇಕಿತ್ತು. ನಾನು ರಜೆ ಹಾಕಿ ಸೂಟ್‌ಕೇಸಿಗೆ ಬಟ್ಟೆ ತುಂಬತೊಡಗಿದೆ.

ಭಾನುವಾರ ಮಧ್ಯಾಹ್ನ ಬಾಗಿಲು ಬಡಿದರು. ಮೌಶಿ. ಇಷ್ಟು ವರ್ಷದಲ್ಲಿ ಒಮ್ಮೆಯೂ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿದವರಲ್ಲ. ಒಳಗೆ ಬನ್ನಿ ಎಂದರೂ ಹೊಸ್ತಿಲ ಪಕ್ಕದಲ್ಲೇ ಕೂತರು. ಸೂಟ್‌ಕೇಸು ನೋಡಿದರು.

"ಊರಿಗೆ ಹೊಂಟಿ?"

"ಹೌದು. ನನಗೆ ಎಂತದ್ದೂ ಇಲ್ಲ, ರಿಪೋರ್ಟಿನಲ್ಲಿ ಉಂಟು. ಮತ್ತೆ ಸೂಜಿ ಹಾಕಿಸಿಕೊಳ್ಳಲಿಕ್ಕೆ ನನಗೆ ಮರುಳಾ?"

ಅವರು ನೀರು ಕೇಳಿದರು. ಕುಡಿದು ಲೋಟ ಬೋರಲು ಹಾಕಿ ಹೇಳತೊಡಗಿದರು.

"ತಂಗಿ, ನನಗ ಮೊದಲ ಮಿಶ್ರಿ ಚಟ ಇತ್ತು." ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ಹೊಗೆಸೊಪ್ಪು, ಹಲ್ಲಿಗೆ ತಿಕ್ಕಿ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. "ಬಾಯಿ ತುಂಬ ಇತ್ತಂದ್ರ ಮಾತಾಡಾಕ ಬರಂಗಿಲ್ಲ. ಆ ಬಸರೇರ ಖೋಲಿಯೊಳಗ ಒಂದಿನ ಡಾಕ್ಟರು ಲಗೂನ ಬಂದುಬಿಟ್ರು, ಉಗುಳಾಕ ಪುರಸೊತ್ತು ಸಿಗಲಿಲ್ಲ. ಮಂಚದ ಮ್ಯಾಲ ಒಂದು ಸಣ್ಣ ಪೋರಿ, ಐದು ತಿಂಗಳ. ಅತ್ತಿ ಬಾಗಲದಾಗ ನಿಂತಿದ್ಲು. ಎಲ್ಲಾರ ಕೂಸಿಗೂ ಕರೀತಿದ್ದಾಕಿ, ಅವತ್ತು ಬಾಯಿ ಮುಚ್ಚಿಕೊಂಡು ನಿಂತೆ. ಹೊರಗ ಬಂದ ಮ್ಯಾಲ ಆ ಅತ್ತಿ ಅಂದ್ಲು, ತಿಳೀತು ಮೌಶಿ, ನೀ ಸುಮ್ನಿದ್ದದ್ದು ನೋಡೇ ತಿಳೀತು, ಹೆಣ್ಣ ಐತಿ ಅಂತ. ನಾ ಇಲ್ಲ ಅನ್ನೂದ್ರಾಗ ಲಿಫ್ಟಿನ್ಯಾಗ ಇಳದು ಹ್ವಾದ್ರು."

"ಮತ್ತೆ?"

"ಮುಂದಿನ ತಿಂಗಳ ಆ ಪೋರಿ ರಗತ ನಿಲ್ಲವಲ್ದು ಅಂತ ಬಂದ್ಲು. ಹೊಟ್ಟಿ ಇದ್ದಿಲ್ಲ. ಗಂಡೋ ಹೆಣ್ಣೋ ನಾ ಕೇಳಲಿಲ್ಲ. ಕೂಸ ಇತ್ತು, ಇಲ್ಲಾತು. ನನ್ನ ಬಾಯಾಗ ಮಿಶ್ರಿ ಇತ್ತಂತ."

ಹಗಲು ಎರಡು ಗಂಟೆ, ಕೆಳಗೆ ಮಕ್ಕಳು ಕ್ರಿಕೆಟ್ಟು ಆಡುತ್ತಿದ್ದರು. ನನಗೆ ಮಾತ್ರ ನಮ್ಮ ಹಾಲಿನಲ್ಲಿ ಆ ರೂಮಿನ ಚಳಿ ಬಂದು ಕೂತ ಹಾಗಾಯಿತು.

"ಅದಕ್ಕ ಹೇಳ್ತೇನಿ, ನನ್ನ ಬಾಯಿ ನೋಡಬ್ಯಾಡ. ನಿನ್ನ ದಿನಾನೂ ಹಂಗ ಆತು. ಮಿಶ್ರಿ ಇತ್ತು ಬಾಯಾಗ, ಹಳೀ ಚಟ. ನೀ ಏನೇನೋ ತಿಳಕೊಂಡಿ. ಏನೂ ಇಲ್ಲ ನಿನಗ. ಏನೂ ಇಲ್ಲಂದ ಮ್ಯಾಲ ಸೂಜಿಗ್ಯಾಕ ಅಂಜಬೇಕು? ಡಾಕ್ಟರ ಸಮಾಧಾನಕ್ಕ ಒಂದ್ಸಲ ಮಲಗಿಬಿಡು. ಅವತ್ತ ಬೇಕಾದ್ರ ಉಗುಳೇ ಬರ್ತೇನಿ, ಬಾಯಿ ತುಂಬ ಮಾತಾಡ್ತೇನಿ."

ನನಗೆ ನಗುವೂ ಬಂತು, ಅಳುವೂ ಬಂತು. ವರ್ಷಗಟ್ಟಲೆ ಕಿವಿ ಕೊಟ್ಟು ನಾನು ಕಟ್ಟಿಕೊಂಡದ್ದೆಲ್ಲ ಒಂದು ಚಿಟಿಕೆ ಹೊಗೆಸೊಪ್ಪು! ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಟಿಕೆಟು ಕ್ಯಾನ್ಸಲ್ ಮಾಡಿಸಿದೆ.

ಮಂಗಳವಾರ ಮತ್ತೆ ಅದೇ ಮಂಚ. ಈ ಸಲ ಮೌಶಿ ಕೊಟ್ಟ ಮಾತಿನಂತೆ ಶುರು ಮಾಡಿದರು, ನಿಲ್ಲಿಸಲೇ ಇಲ್ಲ. "ಬಾ ಕೂಸ, ಬಾ. ಇತ್ತ ನೋಡು. ಎಲ್ಲಿ ಅಡಗಿದ್ದಿ? ಹೋದ ಸಲ ತಪ್ಪಿಸಿಕೊಂಡಿ, ಈ ಸಲ ಬಿಡಂಗಿಲ್ಲ." ಡಾಕ್ಟರು ತುಂಬ ಹೊತ್ತು ತೆಗೆದುಕೊಂಡರು, ಹೆಚ್ಚು ಚೂರು ತೆಗೆದರು, ಜಾಗದ ಗುರುತಿಗೆಂದು ಸಾಸಿವೆಗಿಂತ ಚಿಕ್ಕದೊಂದು ಲೋಹದ ಚೂರನ್ನು ಒಳಗೇ ಬಿಟ್ಟರು. ನಾನು ಆರಾಮಾಗಿ ಕಣ್ಣು ಮುಚ್ಚಿದ್ದೆ. ಮೌಶಿಯ ಮಾತು ಕಿವಿಯಲ್ಲಿ ಹರಿಯುತ್ತಿತ್ತು. ಅವರು ಹಿಡಿದ ನನ್ನ ಕೈ ಒದ್ದೆಯಾಗಿತ್ತು. ನನ್ನದೇ ಬೆವರು ಎಂದುಕೊಂಡೆ.

ರಿಪೋರ್ಟು ಬಂತು. ಕ್ಯಾನ್ಸರು. ಚಿಕ್ಕದು, ಬೇಗ ಸಿಕ್ಕಿದೆ, ಇನ್ನೊಂದು ಆರು ತಿಂಗಳು ಬಿಟ್ಟಿದ್ದರೆ ಮಾತು ಬೇರೆಯಿತ್ತು ಎಂದರು ಡಾಕ್ಟರು. ಆಪರೇಷನ್ನು, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್ನು, ಆಮೇಲೆ ಗುಳಿಗೆ. ಅದೆಲ್ಲ ಇನ್ನೊಂದು ಪುರಾಣ. ಯಜಮಾನರು ಮೊದಲ ಲೋಕಲು ಬಿಟ್ಟು ಹತ್ತು ಗಂಟೆಯ ಲೋಕಲಿಗೆ ಹೋಗತೊಡಗಿದರು, ಅದನ್ನು ಮಾತ್ರ ಹೇಳಿಬಿಡುತ್ತೇನೆ.

ನಾಲ್ಕು ತಿಂಗಳ ಮೇಲೆ ಕೆಲಸಕ್ಕೆ ಮರಳಿದೆ. ಮಧ್ಯಾಹ್ನ ಡಾಕ್ಟರು ಇನ್ನೂ ಬಂದಿರಲಿಲ್ಲ. ಎರಡನೇ ರೂಮಿನ ಹೊರಗಿನ ಬೆಂಚಿನ ಮೇಲೆ ಮೌಶಿ ಜೆಲ್ಲಿನ ಬಾಟಲಿ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತೆ. ನಾಲ್ಕು ತಿಂಗಳು ಮಲಗಿ ಯೋಚಿಸಿದ್ದನ್ನು ಕೇಳಿಯೇಬಿಟ್ಟೆ.

"ಮೌಶಿ, ಮೊದಲ ದಿನ ನಿಮ್ಮ ಬಾಯಲ್ಲಿ ನಿಜವಾಗಿ ಮಿಶ್ರಿ ಇತ್ತಾ?"

"ಆ ಕೂಸ ಹ್ವಾದ ದಿನಾನ ಮಿಶ್ರಿ ಬಿಟ್ಟೇನಿ ತಂಗಿ. ಹದಿನೆಂಟು ವರ್ಷಾತು."

"ಅಂದರೆ ನಿಮಗೆ ಗೊತ್ತಿತ್ತು."

"ಹೂಂ."

"ಹೇಗೆ ಗೊತ್ತಾಗ್ತದೆ?"

"ನಾ ಕರೀಬೇಕಂತೇನಿ, ಅದು ನನ್ನ ಕಡೆ ನೋಡತೈತಿ. ಆಗ ನಾಲಿಗಿ ಒಣಗತೈತಿ. ಬ್ಯಾರೆ ಏನೂ ಗೊತ್ತಿಲ್ಲ ನನಗ."

ಬೆಂಚಿನ ಮೇಲೆ ಸ್ವಲ್ಪ ದೂರ ಸರಿದು ಕೂತೆ. ಆದರೂ ನನ್ನ ಸಿಟ್ಟು ಬಿಡಬೇಕಲ್ಲ. "ಹಾಗಾದರೆ ಮನೆವರೆಗೆ ಬಂದು ಯಾಕೆ ಸುಳ್ಳು ಹೇಳಿದಿರಿ? ಗೊತ್ತುಂಟು, ಕೆಟ್ಟದ್ದೇ ಉಂಟು ಅಂತ ನೇರ ಹೇಳಬಾರದಿತ್ತಾ?"

"ಹೇಳಿದ್ರ ನೀ ಅಂಜಿ ರೈಲ ಹತ್ತತಿದ್ದಿ" ಎಂದರು ಮೌಶಿ. ರೂಮಿನೊಳಗೆ ಪೇಷಂಟು ಬಟ್ಟೆ ಬದಲಿಸಿ ಕಾಯುತ್ತಿದ್ದಳು, ಅವರು ಮೊಣಕಾಲ ಮೇಲೆ ಕೈಯೂರಿ ಎದ್ದರು. "ನನ್ನ ಬಾಯಿ ನಂಬಿ ಅವರು ಆ ಕೂಸನ್ನ ಕಳದ್ರು. ನೀನರ ನನ್ನ ಬಾಯಿ ನಂಬಿ ಉಳೀಬೇಕಂತ ಸುಳ್ಳ ಹೇಳಿದೆ."